ಪ್ರತಿಕ್ರಿಯೆ: ಟೆಸ್ಟ್‌ನಲ್ಲಿ 94%, ಮಂಡ್ಯದ ಫೋಟೊಗಳಲ್ಲಿ ಫೇಲ್

ಚರ್ಮದ ಮಚ್ಚೆಯ ಫೋಟೊ ನೋಡಿ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗುರುತಿಸುವ ನಿಮ್ಮ ಎಐ ಮಾಡೆಲ್ ಟೆಸ್ಟ್‌ನಲ್ಲಿ 94% ಅಕ್ಯುರಸಿ (ಸರಿಯುತ್ತರದ ಪ್ರಮಾಣ) ತೋರಿಸಿ, ಮಂಡ್ಯದ ಫೋಟೊಗಳಲ್ಲಿ ಎಡವಿತು ಅಂತ ಬರೆದಿದ್ದೀರಿ. ಒಂದೇ ಮಚ್ಚೆಯ ಬೇರೆ ಬೇರೆ ಚಿತ್ರಗಳು ಮಾಡೆಲ್‌ಗೆ ಕಲಿಸುವ ಟ್ರೈನಿಂಗ್‌ಗೂ ಟೆಸ್ಟ್‌ಗೂ ಹಂಚಿಹೋಗಿರಬೇಕು. ಕಲಿತ ಮಚ್ಚೆಯನ್ನೇ ಪರೀಕ್ಷೆಯಲ್ಲಿ ಮತ್ತೆ ಕೇಳಿದ ಹಾಗೆ; ನಿಮ್ಮ 94% ಬಹುಶಃ ಅಲ್ಲಿಂದಲೇ ಬಂದಿದೆ. ಕೋಡ್ ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಬಳಸಿರುವ ಹ್ಯಾಮ್10000 ಎಂಬ ಚಿತ್ರಸಂಗ್ರಹದಲ್ಲಿ ಚಿತ್ರಗಳು 10,015, ಮಚ್ಚೆಗಳು 7,470 ಮಾತ್ರ. ಮೊದಲು ಮೆಟಾಡೇಟಾದ ಲೀಷನ್ ಐಡಿ (ಪ್ರತಿ ಮಚ್ಚೆಯ ಗುರುತು) ಪ್ರಕಾರ ಟ್ರೈನಿಂಗ್, ಟೆಸ್ಟ್ ಚಿತ್ರಗಳನ್ನು ಬೇರ್ಪಡಿಸಿ, ಮತ್ತೆ ಟ್ರೈನ್ ಮಾಡಿ. ಅಂಕ ಇಳಿದರೆ ಗಾಬರಿ ಬೇಡ, ಅದೇ ಅಸಲಿ ಅಂಕ.

ಆಮೇಲೆ ಅಕ್ಯುರಸಿಯನ್ನು ಪಕ್ಕಕ್ಕಿಡಿ. ಹ್ಯಾಮ್‌ನಲ್ಲಿ 6,705 ಚಿತ್ರಗಳು ಸಾಧಾರಣ ಮಚ್ಚೆಯವು, ಮೆಲನೋಮಾದವು 1,113. ಕಣ್ಣು ಮುಚ್ಚಿಕೊಂಡು ಎಲ್ಲಕ್ಕೂ 'ಸಾಧಾರಣ' ಅಂದರೂ ಮೂರರಲ್ಲಿ ಎರಡು ಸರಿಯಾಗುತ್ತೆ! ಮೆಲನೋಮಾದ ರೀಕಾಲ್, ಅಂದರೆ ನಿಜವಾದ ಮೆಲನೋಮಾಗಳಲ್ಲಿ ಎಷ್ಟನ್ನು ಹಿಡಿಯಿತು ಅಂತ ನೋಡಿ, ಟ್ರೈನಿಂಗ್‌ನಲ್ಲಿ ತಪ್ಪನ್ನು ಅಳೆಯುವ ಲಾಸ್‌ನಲ್ಲಿ ಅದಕ್ಕೆ ಹೆಚ್ಚು ತೂಕ ಕೊಡಿ.

ಊರಲ್ಲಿ ಮೊಬೈಲಿನಿಂದ ತೆಗೆದ ಫೋಟೊಗಳ ಕಥೆ ಬೇರೆ. ಹ್ಯಾಮ್ ಚಿತ್ರಗಳು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮಟೊಸ್ಕೋಪ್ ಉಪಕರಣದವು, ಆಸ್ಟ್ರಿಯಾ ಮತ್ತು ಆಸ್ಟ್ರೇಲಿಯಾದವು, ಹೆಚ್ಚಿನವು ಬಿಳಿ ಚರ್ಮದವು. ನಮ್ಮ ಬಣ್ಣದವರಲ್ಲಿ ಮೆಲನೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಅಂಥವನ್ನು ನಿಮ್ಮ ಮಾಡೆಲ್ ಹೆಚ್ಚು ಕಂಡೇ ಇಲ್ಲ. ಬ್ರೆಜಿಲ್‌ನ ಪ್ಯಾಡ್-ಯುಫೆಸ್-20 ಎಂಬ ಚಿತ್ರಸಂಗ್ರಹದಲ್ಲಿ ಮೊಬೈಲ್ ಚಿತ್ರಗಳು 2,298 ಇವೆ, ಕಲಿತ ಮಾಡೆಲ್‌ಗೆ ಅವುಗಳಿಂದ ಇನ್ನಷ್ಟು ಕಲಿಸಿ ಫೈನ್‌ಟ್ಯೂನ್ ಮಾಡಿ. ಅವುಗಳಲ್ಲಿ ಮೆಲನೋಮಾದವು ಬರೀ 52 ಇರುವುದರಿಂದ ಎಷ್ಟು ಸುಧಾರಿಸುತ್ತೆ ಅಂತ ಗ್ಯಾರಂಟಿ ಕೊಡಲಾರೆ. ಮಂಡ್ಯದ ಫೋಟೊಗಳನ್ನು ಟ್ರೈನಿಂಗ್‌ಗೆ ಸೇರಿಸಬೇಡಿ, ಕೊನೆಯ ಪರೀಕ್ಷೆಗೆ ಉಳಿಸಿಕೊಳ್ಳಿ. ಬಯಾಪ್ಸಿ ವರದಿ ಇಲ್ಲದವುಗಳ ಲೇಬಲ್ ನಿಮ್ಮ ಊಹೆಯಷ್ಟೇ.

ನಿಮ್ಮ ದೊಡ್ಡಪ್ಪನ ಅಂಗಾಲಿನಲ್ಲಿ ದೊಡ್ಡದಾಗುತ್ತಿರುವ ಕಪ್ಪು ಮಚ್ಚೆಗೆ ಮಾಡೆಲ್ 'ಏನಿಲ್ಲ' ಅಂದಿದ್ದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಈ ವಾರವೇ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ.