ಉಕುಲೇಲೆ (ಪುಟ್ಟ ಗಿಟಾರ್‌ನಂಥ ವಾದ್ಯ) ನುಡಿಸಿ ಹಾಡುವ ಹವಾಯಿ ಸಂಗೀತಕ್ಕೆ ಹೊಸಬ. ಯಾವ ಆಲ್ಬಮ್‌ನಿಂದ ಶುರು ಮಾಡಲಿ?

ಹವಾಯಿಯ ಗಾಯಕ ಇಸ್ರೇಲ್ ಕಾಮಕಾವಿವೊಓಲೆ ಅವರ 'ಫೇಸಿಂಗ್ ಫ್ಯೂಚರ್' ಕೇಳಿ. 1993ರದ್ದು. 'ಓವರ್ ದ ರೇನ್‌ಬೋ' ಹಾಡನ್ನು ಉಕುಲೇಲೆ ಜೊತೆ ಎಲ್ಲೋ ಕೇಳಿರುತ್ತೀರಿ ಅಲ್ವಾ? ಅದು ಇದರಲ್ಲೇ ಇದೆ. 1988ರಲ್ಲಿ ಹೊನೊಲುಲುವಿನ ಸ್ಟುಡಿಯೋದಲ್ಲಿ, ಸರಿರಾತ್ರಿ ದಾಟಿದ ಮೇಲೆ, ಒಂದೇ ಟೇಕ್‌ನಲ್ಲಿ ಮುಗಿಸಿದ್ದು. ಒಂದು ದನಿ, ನಾಲ್ಕು ತಂತಿ, ಅಷ್ಟೇ. ಶುರುವಿನ ಆ 'ಊ...' ಗಮನಿಸಿ. ಭಾರಿ ಆಳು, ದನಿ ಮಾತ್ರ ಹತ್ತಿಯಷ್ಟು ಹಗುರ.

ಆದರೆ ನನ್ನನ್ನು ಕೇಳಿದರೆ ಆಲ್ಬಮ್‌ನ ಜೀವ ಇರುವುದು 'ಹವಾಯಿ '78'ರಲ್ಲಿ. ಹವಾಯಿಯ ಹಿಂದಿನ ರಾಜ ರಾಣಿ ಒಂದು ದಿನದ ಮಟ್ಟಿಗೆ ಬಂದು, ಪವಿತ್ರ ನೆಲದ ಮೇಲಿನ ಹೆದ್ದಾರಿ ನೋಡಿದರೆ ಏನನ್ನಿಸೀತು ಅಂತ ಕೇಳುವ ಹಾಡು. ಆಲ್ಬಮ್ ತೆರೆಯುವುದೂ ಮುಗಿಯುವುದೂ ಅದರಿಂದಲೇ. ಹಾಗಾಗಿ ಶಫಲ್ ಮಾಡಬೇಡಿ.