ಮೊದಲು ಇಂಜಿನ್ ಅಲ್ಲ, ತಳ ನೋಡಿ

ಬ್ರಹ್ಮಾವರದ ಶೆಡ್‌ನಲ್ಲಿ ವರ್ಷಗಟ್ಟಲೆ ನಿಂತ 1978ರ ಪ್ರೀಮಿಯರ್ ಪದ್ಮಿನಿ ಕಾರನ್ನು ರಿಟೈರ್ ಆದ ಅಪ್ಪನ ಜೊತೆ ಸೇರಿ ರೆಡಿ ಮಾಡಬೇಕು, ಮೊದಲು ಇಂಜಿನ್ನಾ ಬಾಡಿಯಾ ಅಂತ ಕೇಳಿದ್ದೀರಿ. ಬಾಡಿಯೇ ಮಾರಾಯ್ರೆ, ಅದರಲ್ಲೂ ತಳ. ಈ ಕಾರಿಗೆ ಬೇರೆ ಚಾಸಿಸ್ (ಅಡಿಯ ಚೌಕಟ್ಟು) ಇಲ್ಲ, ಭಾರವೆಲ್ಲ ಬಾಡಿಯೇ ಹೊರುತ್ತದೆ, ಮತ್ತೆ ನಮ್ಮ ಉಪ್ಪುಗಾಳಿಗೆ, ಮಳೆಗೆ ಮೊದಲು ತುಕ್ಕು ತಿನ್ನುವುದು ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ. ಮ್ಯಾಟ್ ತೆಗೆದು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕಿನ ಮೇಲೆ ಪುಟ್ಟಿ ಹಚ್ಚಿ ಪೇಂಟ್ ಹೊಡೆದು ಕೊಡುತ್ತೇನೆ ಅನ್ನುವವರಿಗೆ ದಯವಿಟ್ಟು ಕೊಡಬೇಡಿ. ಕೆಟ್ಟ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಅವತ್ತೇ ಪ್ರೈಮರ್ ಹೊಡೆಸಿ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ.

ಇಂಜಿನ್ 1089 ಸಿಸಿ, ಬಹಳ ಸರಳ. ಆದ್ರೆ ಬ್ಯಾಟರಿ ಹಾಕಿ ಸುಮ್ನೆ ಸೆಲ್ಫ್ ಹೊಡೆಯಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದೆರಡು ದಿನ ಕಳೆದು ಕೈಯಲ್ಲೇ ತಿರುಗಿಸಿ. ಹಳೆ ಪೆಟ್ರೋಲ್ ಖಾಲಿ ಮಾಡಿ, ಬ್ರೇಕಿನ ರಬ್ಬರ್ ಎಲ್ಲ ಬದಲಿಸಿ. ಕಾರ್ಬುರೇಟರ್ ಕ್ಲೀನ್ ಮಾಡುವುದು ಅಪ್ಪನಿಗೆ ಹೇಳಿ ಮಾಡಿಸಿದ ಕೆಲಸ, ಕುರ್ಚಿಯಲ್ಲಿ ಕೂತೇ ಮಾಡಬಹುದು. ಬರೀ ಜಾಕ್ ಮೇಲೆ ನಿಂತ ಕಾರಿನಡಿಗೆ ಮಾತ್ರ ಅವರು ಹೋಗದ ಹಾಗೆ ನೋಡಿಕೊಳ್ಳಿ, ಸ್ಟ್ಯಾಂಡ್ ಇರಲೇಬೇಕು.

ಆರ್‌ಸಿ (ನೋಂದಣಿ ಪತ್ರ) ವಿಷಯ: ವಿಂಟೇಜ್, ಅಂದ್ರೆ ಬಹಳ ಹಳೆಯ ಗಾಡಿ ಅಂತ ನೋಂದಣಿಗೆ 50 ವರ್ಷ ಆಗಿರಬೇಕು, ನಿಮ್ಮದಕ್ಕೆ 2028ರವರೆಗೆ ಕಾಯಬೇಕು. ಅದೂ ಅಲ್ಲದೆ ವಿಂಟೇಜ್ ಮಾಡಿದರೆ ದಿನಾ ರಸ್ತೆಯಲ್ಲಿ ಓಡಿಸುವಂತಿಲ್ಲ. ಅಮ್ಮನನ್ನೂ ಕೂರಿಸಿಕೊಂಡು ಮಲ್ಪೆಗೆ ಹೋಗಿ ಬರುವ ಆಸೆ ಇದ್ದರೆ ಮಾಮೂಲಿ ಆರ್‌ಸಿಯನ್ನೇ ರಿನ್ಯೂ ಮಾಡಿಸಿ.