ಒಡೆದ ಚೂರುಗಳ ಮೇಲೆ ಯಾಕಿಷ್ಟು ಪ್ರೀತಿ?

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಹೋದ ಸಂಚಿಕೆಯಲ್ಲಿ ನಾವು, ಹಳೆಯ ಊರುಗಳನ್ನು ಅಗೆದಾಗ ಸಿಗುವ ಮಡಕೆ ಚೂರು ತೊಳೆದು ಎಣಿಸುವವರ ಬಗ್ಗೆ ನಾಲ್ಕು ಪುಟ ಬರೆದಿದ್ದೆವು; ಈಜಿಪ್ಟಿನ ಚಿನ್ನದ ಬಗ್ಗೆ ಒಂದು ಸಾಲೂ ಇಲ್ಲ, ಕಸದಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ಈಜಿಪ್ಟಿನಿಂದಲೇ ಉತ್ತರ ಕೊಡುತ್ತೇನೆ.

1922ರಲ್ಲಿ ಹೊವಾರ್ಡ್ ಕಾರ್ಟರ್ ಎಂಬ ಇಂಗ್ಲಿಷ್ ಪುರಾತತ್ವಜ್ಞರು ಈಜಿಪ್ಟಿನ ಹುಡುಗ ರಾಜ ತುತಂಖಾಮನ್‌ನ ಸಮಾಧಿಯನ್ನು ಕಂಡುಹಿಡಿದರು. 5,000ಕ್ಕೂ ಜಾಸ್ತಿ ವಸ್ತುಗಳು ಸಿಕ್ಕವು. ಆ ಚಿನ್ನದ ಮುಖವಾಡ ನೋಡಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಅಷ್ಟೆಲ್ಲದರ ನಡುವೆ ಆ ಹುಡುಗ ಯಾರಿಗಾದರೂ ಬರೆದ ಒಂದು ಪತ್ರವೂ ಇರಲಿಲ್ಲ.

ಅದೇ ವರ್ಷ ಬರ್ನಾರ್ಡ್ ಬ್ರುಯೇರ್ ಎಂಬ ಫ್ರೆಂಚ್ ವಿದ್ವಾಂಸರು ಆ ಸಮಾಧಿಯಿದ್ದ ಗುಡ್ಡದ ಈಚೆ ಬದಿಯಲ್ಲಿ ದೇರ್ ಎಲ್-ಮದೀನಾ ಎಂಬ ಹಾಳೂರನ್ನು ಅಗೆಯಲು ಶುರು ಮಾಡಿದರು. ರಾಜರ ಸಮಾಧಿಗಳನ್ನು ಕೊರೆದು ಚಿತ್ರ ಬಿಡಿಸಿದ ಕೆಲಸಗಾರರ ಊರು ಅದು. ಊರ ಪಕ್ಕದಲ್ಲಿ ಸುಮಾರು 50 ಮೀಟರ್ ಆಳದ ಗುಂಡಿ. ನೀರಿಗಾಗಿ ತೋಡಿದ್ದು, ನೀರು ಬರಲಿಲ್ಲ, ಆಮೇಲೆ ಅದಕ್ಕೆ ಕಸ ತುಂಬಿದರು. ಆ ಕಸದಲ್ಲಿ ಬರಹವಿದ್ದ ಚೂರುಗಳು ಸಾವಿರಗಟ್ಟಲೆ ಸಿಕ್ಕವು! ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಬರೆಯುವ ಹಾಳೆ, ದುಬಾರಿ ಅಲ್ವಾ, ಅದಕ್ಕೇ ದಿನದ ಲೆಕ್ಕಪತ್ರವನ್ನೆಲ್ಲ ಒಡೆದ ಮಡಕೆ ಮೇಲೆ, ಸುಣ್ಣಕಲ್ಲಿನ ಚಕ್ಕೆ ಮೇಲೆ ಗೀಚಿ ಎಸೆಯುತ್ತಿದ್ದರು.

ಅದೇ ಊರಿನ ಜನರದೊಂದು ಕಲ್ಲಿನ ಚಕ್ಕೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡನೇ ರಾಮ್ಸೆಸ್ ಎಂಬ ರಾಜನ ಆಳ್ವಿಕೆಯ 40ನೇ ವರ್ಷದ ಹಾಜರಿ ಪಟ್ಟಿ. ನಲವತ್ತು ಹೆಸರು. ಕೆಲಸಕ್ಕೆ ಬಾರದ ದಿನ ಕಪ್ಪು ಶಾಯಿಯಲ್ಲಿ, ಅದರ ಮೇಲೆ ಪುಟ್ಟದಾಗಿ ಕೆಂಪು ಶಾಯಿಯಲ್ಲಿ ಕಾರಣ. ಒಬ್ಬನಿಗೆ ಚೇಳು ಕಚ್ಚಿದೆ. ಒಬ್ಬನಿಗೆ ಕಣ್ಣುನೋವು. ಒಬ್ಬ ಬಿಯರ್ ಮಾಡುತ್ತಿದ್ದಾನೆ. ಇನ್ನೊಬ್ಬ ತೀರಿಕೊಂಡ ತಾಯಿಯ ದೇಹಕ್ಕೆ ಬಟ್ಟೆ ಸುತ್ತುತ್ತಿದ್ದಾನೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ಮಾತಿದು. ಆ ಕೊನೆಯ ಸಾಲು ಓದಿದ ಮೇಲೆ ಎಷ್ಟೋ ಹೊತ್ತು ನನಗೆ ಬೇರೇನೂ ಓದಲಾಗಲಿಲ್ಲ.

ಮೂರನೇ ರಾಮ್ಸೆಸ್ ಕಾಲದಲ್ಲಿ ದವಸದ ಸಂಬಳ ತಡವಾಯಿತು. ಇದೇ ಊರಿನವರು ಹಸಿವು ತಾಳಲಾರದೆ ಕೆಲಸ ಬಿಟ್ಟು ದೇವಾಲಯದ ಹಿಂದೆ ಹೋಗಿ ಕುಳಿತರು. ದಾಖಲೆಯಿರುವ ಮುಷ್ಕರಗಳಲ್ಲಿ ಅದೇ ಮೊದಲನೆಯದು.

ಇನ್ನೊಂದು ಮಾತು. ಚಿನ್ನವನ್ನು ಕಳ್ಳರು ಬಿಡುವುದಿಲ್ಲ, ಕದ್ದು ಕರಗಿಸಿಬಿಡುತ್ತಾರೆ. ಒಡೆದ ಮಡಕೆ ಯಾರಿಗೂ ಬೇಡ, ಹಾಗಾಗಿ ಬಿದ್ದಲ್ಲೇ ಬಿದ್ದಿರುತ್ತದೆ. ಯಾವ ಪದರದಲ್ಲಿ, ಯಾವುದರ ಜೊತೆ ಬಿದ್ದಿತ್ತು ಅನ್ನುವುದರಿಂದಲೇ ಕಾಲ ಗೊತ್ತಾಗುತ್ತದೆ. ಆ ಜಾಗ ತಪ್ಪಿದರೆ ಅರ್ಧ ಕಥೆ ಹೋದಂತೆಯೇ. ಚೂರು ಎಣಿಸುವವರು ಸುಮ್ನೆ ಹೊತ್ತು ಕಳೆಯುತ್ತಿಲ್ಲ.

ಸಾಮಾನ್ಯರ ಮನಸ್ಸು ನಮಗೆ ಹೇಗೆ ತಿಳಿದೀತು ಅಂತಲೂ ಕೇಳಿದ್ದೀರಿ. ಅದೇ ಊರಿನ ನೌನಖ್ತೆ ಎಂಬ ಮುದುಕಿಯ ಉಯಿಲು ಸಿಕ್ಕಿದೆ, ಇದು ಮಾತ್ರ ಪಪೈರಸ್ ಮೇಲಿನದು. ಕ್ರಿ.ಪೂ. 1145ರ ಸುಮಾರಿಗೆ ಊರ ಪಂಚರ ಮುಂದೆ ನಿಂತು ಬರೆಸಿದ್ದಾಳೆ. ಎಂಟು ಮಕ್ಕಳನ್ನು ಸಾಕಿದೆ, ಈಗ ವಯಸ್ಸಾಗಿದೆ, ಕೆಲವರು ನನ್ನನ್ನು ನೋಡಿಕೊಳ್ಳುತ್ತಿಲ್ಲ ಅನ್ನುತ್ತಾಳೆ. ತನ್ನ ಕೈಮೇಲೆ ಕೈಯಿಟ್ಟವರಿಗೆ, ಅಂದರೆ ನೆರವಾದವರಿಗೆ, ಆಸ್ತಿ; ಏನೂ ಕೊಡದವರಿಗೆ ತಾನೂ ಏನೂ ಕೊಡುವುದಿಲ್ಲವಂತೆ. ಚೆನ್ನಾಗಿ ನೋಡಿಕೊಂಡ ಒಬ್ಬ ಮಗನಿಗೆ ಮಾತ್ರ, ಉಳಿದವರಿಗಿಂತ ಹೆಚ್ಚಾಗಿ, ಒಂದು ಕಂಚಿನ ಬೋಗುಣಿ.